ಉರುಳುವ ಹೇರನ್ನು ಕೂರಿಸುವ ಬಗೆ



ಟ್ರೈಲರಿನ ಮೇಲೆ ಉಕ್ಕಿನ ಸುರುಳಿಗಳನ್ನು ಭದ್ರಪಡಿಸುವ ಸಾಧನಗಳನ್ನು ಕುರಿತು ಬಳ್ಳಾರಿ ನಗರದಲ್ಲಿ ವಿಚಾರಸಂಕಿರಣವೊಂದು ನೆರೆಯುವುದು ಎಲ್ಲ ವಿಧದಲ್ಲಿಯೂ ಉಚಿತವಾದುದೇ. ಆದರೂ ಅದರ ಆಶಯವನ್ನು ನುಡಿಯಬೇಕೆಂದು ಕರೆ ಬಂದಾಗ ನಾನು ಕೊಂಚ ಅಳುಕಿದೆನು. ಏಕೆಂದರೆ ನಾನು ಪುಸ್ತಕಗಳಿಂದ ಕಲಿತುದಕ್ಕಿಂತ ಮಿಗಿಲಾದುದನ್ನು, ಇಂದಿನ ಬಾಡಿಗೆಯನ್ನು ಬಿಟ್ಟು ಬಂದು ಹಿಂದಿನ ಸಾಲುಗಳಲ್ಲಿ ಕುಳಿತಿರುವ ಚಾಲಕ ಬಂಧುಗಳು ಅಂಗೈಯ ಬೊಬ್ಬೆಗಳಿಂದ ಕಲಿತಿದ್ದಾರೆ.

ಹೇರು ಕಟ್ಟುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ತುಂಗಭದ್ರೆಯ ಕಾಲುವೆಯ ನೀರುಂಡ ಸಿರುಗುಪ್ಪದ ಗದ್ದೆಗಳ ಭತ್ತವನ್ನು ಚೀಲ ಚೀಲವಾಗಿ ಲಾರಿಯಲ್ಲಿ ಒಟ್ಟಿ, ಹಗ್ಗವನ್ನು ಮೇಲಿನಿಂದ ಹಾಯಿಸಿ, ಕಾಲನ್ನು ಒತ್ತುಗೊಟ್ಟು ಜಗ್ಗಿ ಬಿಗಿಯುವ ಹಮಾಲರ ಕೈಚಳಕವನ್ನು ಕಂಡವರು ಅದನ್ನು ಶಾಸ್ತ್ರವೆನ್ನಲು ಹಿಂಜರಿಯಲಾರರು. ಚೀಲವು ಮೆತ್ತನೆಯ ಪದಾರ್ಥ. ಹಗ್ಗ ಬಿಗಿದಂತೆಲ್ಲ ತಾನು ಕುಗ್ಗಿ, ನೆರೆಯ ಚೀಲವನ್ನು ಅವುಚಿಕೊಂಡು, ಇಡಿಯ ಹೇರು ಒಂದೇ ಶರೀರವಾಗುತ್ತದೆ. ಸಂಡೂರಿನ ಬೆಟ್ಟಗಳ ಅದಿರಿಗಾದರೋ ಕಟ್ಟೇ ಬೇಡ. ತೊಟ್ಟಿಯೊಳಗೆ ತನ್ನ ಇಳಿಜಾರನ್ನು ತಾನೇ ಕಂಡುಕೊಂಡು ಕುಳಿತುಬಿಡುವ ಅದಕ್ಕೆ ಮೇಲೊಂದು ತಾಡಪತ್ರಿ ಹೊದಿಸಿದರೆ ತೀರಿತು. ಆದರೆ, 1971ರಲ್ಲಿ ಶ್ರೀಮತಿ ಇಂದಿರಾ ಗಾಂಧಿಯವರು ವಿಜಯನಗರ ಉಕ್ಕಿನ ಕಾರ್ಖಾನೆಗೆ ಇಟ್ಟ ಅಡಿಗಲ್ಲು ಎರಡು ದಶಕಗಳಿಗೂ ಮಿಕ್ಕು ಬರಿಯ ಕಲ್ಲಾಗಿಯೇ ಉಳಿದು, 1994ರಲ್ಲಿ ಸ್ಥಾಪಿತವಾದ ಜಿಂದಾಲ್ ವಿಜಯನಗರ ಸಂಸ್ಥೆಯಿಂದ ತೋರಣಗಲ್ಲಿನಲ್ಲಿ ಕುಲುಮೆಗಳು ಮೇಲೆದ್ದ ತರುವಾಯ, ಅದೇ ಅದಿರು ತಗಡಾಗಿ, ತಗಡು ಸುರುಳಿಯಾಗಿ ನಮ್ಮ ರಸ್ತೆಗಳಿಗೆ ಇಳಿಯಿತು. ಹೇರು ಬದಲಾಯಿತು, ಕಟ್ಟುವ ಕೈ ಬದಲಾಗಲಿಲ್ಲ. ಚೀಲದ ಮೇಲೆ ಹಗ್ಗವನ್ನು ಹಾಯಿಸಿದಂತೆಯೇ ಸುರುಳಿಯ ಮೇಲೆ ಸರಪಳಿಯನ್ನು ಹಾಯಿಸಿ, ಬಿಗಿಯಾಯಿತೆಂದು ನಂಬಿದೆವು.

ಈ ನಂಬಿಕೆಯನ್ನು ಲೆಕ್ಕದ ಒರೆಗಲ್ಲಿಗೆ ಹಚ್ಚಿ ನೋಡೋಣ. ಒಂದೂಕಾಲು ಮೀಟರ್ ಅಗಲದ, ಹೊರವ್ಯಾಸ 1.9 ಮೀಟರ್ ಇರುವ, ನಡುವೆ 76 ಸೆಂಟಿಮೀಟರಿನ ಕಂಡಿಯುಳ್ಳ ಸುರುಳಿಯೊಂದರ ತೂಕ ಸುಮಾರು 23 ಟನ್. ಮೇಲಿನಿಂದ ಹಾಯಿಸಿದ ಸರಪಳಿಯನ್ನು ಒಬ್ಬ ಆಳು ಸನ್ನೆಗೋಲಿನಿಂದ ಎಷ್ಟು ಬಿಗಿದರೂ ಅದು ಈ 23 ಟನ್ನಿಗೆ ಸೇರಿಸುವ ಒತ್ತಡ ಆನೆಯ ಬೆನ್ನ ಮೇಲಿನ ಜೂಲಿನ ಭಾರದಷ್ಟು. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಸರಕು ತನ್ನ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟು ಬಲದಿಂದ ಮುಂದಕ್ಕೆ ನೂಕೀತೆಂದು ಐರೋಪ್ಯ ಮಾನಕವು ಎಣಿಸುತ್ತದೆ. ಎಂದರೆ ನಮ್ಮ ಸುರುಳಿಯ ವಿಷಯದಲ್ಲಿ 18 ಟನ್ನಿಗೂ ಮಿಗಿಲು. ಚಾಲಕನ ಬೆನ್ನ ಹಿಂದಿರುವ ಕ್ಯಾಬಿನ್ನಿನ ತಗಡು ಇದರ ಮುಂದೆ ಹಪ್ಪಳ. ಆದುದರಿಂದ ನಾನು ಇಂದು ನುಡಿಯಬೇಕಾದ ಆಶಯ ಒಂದೇ: ಸುರುಳಿಯನ್ನು ಕಟ್ಟುವುದಕ್ಕೆ ಮೊದಲು ಕೂರಿಸಬೇಕು.

ಕೂರಿಸುವುದೆಂದರೇನು? ಇಲ್ಲಿಂದ ಕುರುಗೋಡಿಗೆ ಹೋಗಿ ದೊಡ್ಡಬಸವೇಶ್ವರನ ಗುಡಿಯ ಬೃಹತ್ ನಂದಿಯನ್ನು ಒಮ್ಮೆ ಇಂಜಿನಿಯರರ ಕಣ್ಣಿನಿಂದ ನೋಡಿರಿ, ಭಕ್ತಿಗೇನೂ ಕೊರತೆಯಾಗದು. ಕಾಲುಗಳನ್ನು ಮಡಿಸಿ, ಒಡಲನ್ನು ಹರವಿ ಕುಳಿತ ಆ ಬಸವಣ್ಣನಿಗೆ ಹಗ್ಗವೇತಕ್ಕೆ? ಅವನ ಭಾರವೇ ಅವನ ಭದ್ರತೆ. ಸುರುಳಿಗೂ ಭಾರವುಂಟು, ಆದರೆ ಮಡಿಸಲು ಕಾಲಿಲ್ಲ. ಅದು ಹುಟ್ಟಿನಿಂದಲೇ ಗಾಲಿ. ಅದಕ್ಕೆ ಮಡಿಲನ್ನು ನಾವು ಮಾಡಿಕೊಡಬೇಕು, ಮತ್ತು ಆ ಮಡಿಲಿನ ಹೆಸರೇ ತೊಟ್ಟಿಲು. 35 ಡಿಗ್ರಿಯ ಎರಡು ಇಳಿಜಾರುಗಳ ನಡುವೆ, ತಳ ಮುಟ್ಟದಂತೆ, ಎರಡು ಕೆನ್ನೆಗಳ ಮೇಲೆಯೇ ನಿಂತ ಸುರುಳಿಯನ್ನು ಹೊರಕ್ಕೆ ಉರುಳಿಸಲು ಅದರ ತೂಕದ ಹತ್ತರಲ್ಲಿ ಏಳು ಪಾಲು ಬಲ ಬೇಕು. ತಿರುವಿನಲ್ಲಿ ಪಕ್ಕಕ್ಕೆ ನೂಕುವ ಬಲವನ್ನು ಅದೇ ಮಾನಕವು ಅರ್ಧವೆಂದು ಎಣಿಸುವುದರಿಂದ, ಕಂಡಿಯು ಗಾಡಿಯ ಉದ್ದಕ್ಕೆ ಮುಖಮಾಡಿದ್ದರೆ ಪಕ್ಕಕ್ಕೆ ಉರುಳುವ ಭಯವನ್ನು ತೊಟ್ಟಿಲೊಂದೇ ಕಳೆಯುತ್ತದೆ. ಇದರ ಬದಲು, ಹಲಗೆಯ ಮೇಲೆ ಸುರುಳಿಯನ್ನಿಳಿಸಿ, ಎರಡು ಅಂಗುಲದ ಮರದ ತುಂಡುಗಳನ್ನು ಒತ್ತುಗೊಟ್ಟು ಮೊಳೆ ಹೊಡೆಯುವ ನಮ್ಮ ರೂಢಿಯಿದೆಯಷ್ಟೆ? ಆ ತುಂಡನ್ನು ಹತ್ತಿ ದಾಟಲು ತೂಕದ ಮೂರನೆಯ ಒಂದು ಪಾಲು ಬಲ ಸಾಕು. ಅದೂ ಮೊಳೆ ಕೀಳದೆ ಉಳಿದರೆ.

ಕಂಡಿಯನ್ನು ಅಡ್ಡಕ್ಕೆ ಇಟ್ಟಾಗ ಸುರುಳಿ ನೇರವಾಗಿ ಚಾಲಕನ ಕಡೆಗೇ ಉರುಳುವುದರಿಂದ, ಅಮೆರಿಕದ ಚಾಲಕರು ಆ ಬಗೆಗೆ ಆತ್ಮಹತ್ಯೆಯ ಹೆಸರನ್ನೇ ಇಟ್ಟಿದ್ದಾರೆ. ಹೆಸರಿಡುವುದರಲ್ಲಿ ಚಾಲಕರಿಗೆ ಸಮಾನರಾದ ಕವಿಗಳು ಯಾವ ದೇಶದಲ್ಲಿಯೂ ಕಡಿಮೆ.

ಕೂರಿಸಿದ ಮೇಲೆ ಕಟ್ಟು. ಸರಪಳಿಯು ಕಂಡಿಯ ಮೂಲಕ ಹಾದು, ಮುಂದಕ್ಕೂ ಹಿಂದಕ್ಕೂ ಓರೆಯಾಗಿ ಎಳೆದಿರಬೇಕು. ಅಮೆರಿಕದ ನಿಯಮದಂತೆ ಎಲ್ಲ ಕಟ್ಟುಗಳ ಸಮ್ಮತ ಧಾರಣಶಕ್ತಿಯ ಮೊತ್ತ ಸರಕಿನ ತೂಕದ ಅರ್ಧಕ್ಕೆ ಕಡಿಮೆಯಿರಕೂಡದು. ತಗಡಿನ ಅಂಚು ಚೂರಿಯಂತಹುದು. ನೂಲಿನ ಬೆಲ್ಟು ಅದಕ್ಕೆ ತಗುಲಿದರೆ ಹರಿಯುತ್ತದೆ, ಸರಪಳಿ ತಗುಲಿದರೆ ಅಂಚೇ ಜಜ್ಜಿಹೋಗುತ್ತದೆ. ಜಜ್ಜಿದ ಅಂಚನ್ನು ಕೊಂಡವನು ಒಪ್ಪನೆಂದು ಸರಪಳಿಯನ್ನು ಕೊಂಚ ಸಡಿಲಬಿಡು ಎನ್ನುವವರೂ ಉಂಟು. ನಡುವೆ ಒಂದು ಅಂಚುಗಾಪನ್ನಿಟ್ಟರೆ ತೀರುವ ಜಗಳಕ್ಕೆ ಪ್ರಾಣವನ್ನು ಒತ್ತೆಯಿಡುವ ಈ ಜಾಣತನವನ್ನು ನಾನು ಒಲ್ಲೆ. ಅಡಿಯಲ್ಲಿ ಹಾಸುವ ರಬ್ಬರಿನ ಹಾಳೆಯನ್ನು ಮರೆಯಬಾರದು: ನಯವಾದ ಉಕ್ಕಿನ ಮೇಲೆ ಉಕ್ಕಿಗೆ ಐದರಲ್ಲೊಂದು ಪಾಲಿನ ಹಿಡಿತವಿದ್ದರೆ, ರಬ್ಬರಿನ ಮೇಲೆ ಅರ್ಧಕ್ಕೂ ಮಿಗಿಲು. ಸುರುಳಿಗೆ ಬಳಿದ ಎಣ್ಣೆ ಸೋರಿದರೆ, ಮಳೆ ಹನಿದರೆ, ಉಕ್ಕಿನ ಮೇಲಿನ ಹಿಡಿತ ಇನ್ನೂ ಇಳಿಯುತ್ತದೆ.

ನಮ್ಮ ನೆಲದ ಗುಣವನ್ನೂ ಇಲ್ಲಿ ಹೇಳಬೇಕು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ಹೆದ್ದಾರಿ ಎರೆಭೂಮಿಯ ಮೇಲೆ ಹಾಯುತ್ತದೆ. ಎರೆಮಣ್ಣು ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿದು, ತನ್ನ ಮೇಲಿನ ರಸ್ತೆಯನ್ನು ಅಲೆ ಅಲೆಯಾಗಿ ಮಾಡುವುದರಿಂದ, ಕಾರ್ಖಾನೆಯ ಗೇಟಿನಲ್ಲಿ ಬಿಗಿಯಾಗಿದ್ದ ಸರಪಳಿ ದಾರಿಯಲ್ಲಿ ಅದೇ ಬಿಗಿಯಲ್ಲಿರುವುದಿಲ್ಲ. ಮೊದಲ 50 ಮೈಲಿಗಳೊಳಗೆ ಕಟ್ಟನ್ನು ಮರಳಿ ಪರೀಕ್ಷಿಸಬೇಕೆಂಬುದು ಅಮೆರಿಕದ ವಿಧಿ. ತೋರಣಗಲ್ಲಿನಿಂದ ಸಿರುಗುಪ್ಪದವರೆಗಿನ ದೂರ ಹೆಚ್ಚುಕಡಿಮೆ ಅಷ್ಟೇ. ಸಿರುಗುಪ್ಪದ ಚಹಾ ಅಂಗಡಿಗಳ ಮುಂದೆ ಹೇಗೂ ನಿಲ್ಲುವ ಟ್ರೈಲರುಗಳಿಗೆ ಅಲ್ಲಿಯೇ ಒಂದು ಸಮತಟ್ಟಾದ ತಂಗುದಾಣವಿದ್ದರೆ, ಚಹಾ ಆರುವಷ್ಟರಲ್ಲಿ ಸರಪಳಿ ಬಿಗಿಯಬಹುದು.

ಇನ್ನೊಂದು ಮಾತು, ಅದು ಕೆಲವರಿಗೆ ಕಹಿಯಾದೀತು. 2018ರಲ್ಲಿ ದೊಡ್ಡ ಟ್ರೈಲರುಗಳ ಒಟ್ಟು ತೂಕದ ಮಿತಿ 55 ಟನ್ನಿಗೆ ಏರಿತು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಿಂದ ಮಿತಿಮೀರಿದ ಹೇರಿಗೆ 20,000 ರೂಪಾಯಿ ದಂಡವೂ, ಮೇಲಿನ ಪ್ರತಿ ಟನ್ನಿಗೆ 2,000 ರೂಪಾಯಿಯೂ ಬಂದಿತು. ತೂಕವನ್ನು ಅಳೆಯಲು ವೇಬ್ರಿಜ್ ಇದೆ, ಬಿಗಿಯನ್ನು ಅಳೆಯುವವರಾರು? ಸವೆದ ಕೊಂಡಿಯನ್ನು ಬದಲಿಸುವ ಖರ್ಚು ಯಾರದು? ಇಂದಿಗೂ ಎಷ್ಟೋ ಕಡೆ ಅದು ಚಾಲಕನ ಭತ್ಯೆಯಿಂದಲೇ ಹೋಗುತ್ತದೆ. ಸುರುಳಿಯನ್ನು ಮಾಡಿದವನು, ಕೊಂಡವನು, ಗಾಡಿಯ ಒಡೆಯ, ಈ ಮೂವರೂ ತೊಟ್ಟಿಲಿಗೂ ಸರಪಳಿಗೂ ಹೊಣೆಯಾಗದೆ, ತಿಂಗಳ ಸಂಬಳದವನನ್ನು ಹೊಣೆಮಾಡುವ ವ್ಯವಸ್ಥೆಯ ಕುರಿತು ಮಧ್ಯಾಹ್ನದ ಗೋಷ್ಠಿಯಲ್ಲಿ ಸಂಕೋಚವಿಲ್ಲದೆ ಚರ್ಚೆಯಾಗಬೇಕೆಂದು ನನ್ನ ಬಿನ್ನಹ.

ಹೊರಗಿನ ಅಂಗಳದಲ್ಲಿ ಟ್ರೈಲರೊಂದನ್ನು ಸುರುಳಿಸಹಿತ ನಿಲ್ಲಿಸಿದ್ದಾರೆ. ಅದನ್ನು ಕಟ್ಟಿದ ಚಾಲಕರು ಸಭೆಯಲ್ಲಿಯೇ ಇದ್ದಾರೆ; ಮೊದಲು ಅವರು ಮಾತನಾಡಲಿ, ನಾವು ಬರೆದುಕೊಳ್ಳೋಣ. ಬಳ್ಳಾರಿಯ ಬಿಸಿಲು ತಮಗೆ ತಿಳಿಯದುದಲ್ಲ, ಹತ್ತು ಗಂಟೆಯ ಮೇಲೆ ಆ ಉಕ್ಕನ್ನು ಮುಟ್ಟಲಾಗದು, ಬೇಗ ಏಳೋಣ.