ಪೊಟ್ಟಣ ಎರಡೂ ಬೆಳ್ಳಗೆ, ಗುಣ ಬೇರೆ ಬೇರೆ

(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘ ಬೆಳೆದು ಬಂದ ದಾರಿಯನ್ನು ಹಿರಿಯರು ಆಗಲೇ ಹೇಳಿದ್ದಾರೆ. ನಾನು ಎಸ್.ಎಸ್.ಎಲ್.ಸಿ. ಓದಿದ ಕೃಷಿಕ, ದೊಡ್ಡ ಮಾತು ಬಾರದು. ನಮ್ಮ ಕಾಫಿ ಪುಡಿ ಮತ್ತು ಬಾಳೆಕಾಯಿ ಚಿಪ್ಸ್ ತುಂಬುವ ಪೊಟ್ಟಣದ ಬಗ್ಗೆ ನಾಲ್ಕು ಮಾತು ಹೇಳುತ್ತೇನೆ. ಪೊಟ್ಟಣದ್ದೇನು ಮಹಾ ಅನ್ನಬೇಡಿ. ಫಾಯಿಲ್ ಬಿಟ್ಟು ಅಗ್ಗದ ಮೆಟಲೈಸ್ಡ್ ಫಿಲ್ಮಿಗೆ ಹೋಗೋಣವೇ ಎಂಬ ಪ್ರಶ್ನೆ ಮುಂದಿನ ಸಾಮಾನ್ಯ ಸಭೆಗೆ ಬರಲಿದೆ. ಖರ್ಚಾಗುವುದು ನಿಮ್ಮ ಹಣ. ಹೆಚ್ಚುಕಮ್ಮಿಯಾದರೆ ಹೋಗುವುದು ಸಂಘದ ಹೆಸರು.

ಫಾಯಿಲ್ ಅಂದರೆ ಅಲ್ಯೂಮಿನಿಯಂ ಲೋಹವನ್ನೇ ರೋಲರುಗಳ ನಡುವೆ ಒತ್ತಿ ಮಾಡಿದ ತೆಳು ಹಾಳೆ. ಪೊಟ್ಟಣಕ್ಕೆ ಬಳಸುವುದು ಸಾಮಾನ್ಯವಾಗಿ 6ರಿಂದ 9 ಮೈಕ್ರಾನ್ ದಪ್ಪದ್ದು. ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗವೇ ಮೈಕ್ರಾನ್. ಇದರ ಹೊರಗೆ ಪಾಲಿಯೆಸ್ಟರ್, ಒಳಗೆ ಪಾಲಿಥೀನ್ ಅಂಟಿಸಿರುತ್ತಾರೆ. ಮೆಟಲೈಸ್ಡ್ ಫಿಲ್ಮ್ ಹಾಗಲ್ಲ, ಅದು ಪ್ಲಾಸ್ಟಿಕ್ಕೇ. ಗಾಳಿ ತೆಗೆದ ಯಂತ್ರದೊಳಗೆ ಅಲ್ಯೂಮಿನಿಯಂ ಕಾಯಿಸಿ, ಅದರ ಆವಿ ಪ್ಲಾಸ್ಟಿಕ್ ಹಾಳೆಯ ಮೇಲೆ ಕೂರುವಂತೆ ಮಾಡುತ್ತಾರೆ. ಆ ಲೇಪದ ದಪ್ಪ ಒಂದು ಮೈಕ್ರಾನಿನ ಇಪ್ಪತ್ತನೇ ಒಂದು ಭಾಗದ ಆಸುಪಾಸು. ಬೆಳ್ಳಿ ಲೋಟಕ್ಕೂ ಬೆಳ್ಳಿ ಗಿಲೀಟು ಮಾಡಿದ ಲೋಟಕ್ಕೂ ಇರುವಷ್ಟು ವ್ಯತ್ಯಾಸ.

ಇನ್ನು ಲೆಕ್ಕಕ್ಕೆ ಬರೋಣ. ತೂತಿಲ್ಲದ ಫಾಯಿಲ್ ತೇವ, ಗಾಳಿ, ಬೆಳಕು ಯಾವುದನ್ನೂ ಬಿಡುವುದಿಲ್ಲ. ಸಾಧಾರಣ ಮೆಟಲೈಸ್ಡ್ ಪಾಲಿಯೆಸ್ಟರ್ ಪೊಟ್ಟಣ ಬಿಸಿ, ತೇವ ಹೆಚ್ಚಿರುವ ಪರೀಕ್ಷೆಯಲ್ಲಿ ಚದರ ಮೀಟರಿಗೆ ದಿನಕ್ಕೆ ಸುಮಾರು 1 ಗ್ರಾಂ ತೇವ ಬಿಡುತ್ತದೆ. 15 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಉದ್ದದ ಕಾಲು ಕಿಲೋ ಪೊಟ್ಟಣಕ್ಕೆ ಎರಡೂ ಬದಿ ಸೇರಿ 600 ಚದರ ಸೆಂಟಿಮೀಟರ್. ನೂರು ದಿನಕ್ಕೆ 6 ಗ್ರಾಂ ಆಯಿತು. ಅಂಗಡಿಯಲ್ಲಿ ಅಷ್ಟಾಗಲಿಕ್ಕಿಲ್ಲ, ಅರ್ಧವೇ ಅನ್ನಿ. ಆದರೂ ಒಣ ಪುಡಿಗೆ ಅದು ಜಾಸ್ತಿಯೇ. ಚಿಕೋರಿ ಬೆರೆಸಿದ್ದಂತೂ ತೇವ ತಾಗಿದರೆ ಗಂಟು ಕಟ್ಟುತ್ತದೆ. ಗಾಳಿ ಒಳಗೆ ಹೋದಷ್ಟೂ ಘಮ ಹೋಯಿತು. ಘಮ ಹೋದ ಕಾಫಿಯನ್ನು ಗಿರಾಕಿ ಎರಡನೇ ಸಲ ಕೇಳುತ್ತಾನೆಯೇ?

ಚಿಪ್ಸ್ ಮಾತು ಬೇರೆ. ಅದು ಕೆಲವೇ ವಾರದಲ್ಲಿ ಖರ್ಚಾಗುವ ಮಾಲು. ಅಷ್ಟು ದಿನ ಗರಿಗರಿಯಾಗಿ ಇಡಲು ಮೆಟಲೈಸ್ಡ್ ಸಾಕು. ಮಡಚಿದರೆ ಮುದುರಿದರೆ ಅದು ಬೇಗ ಬಿರಿಯುವುದೂ ಇಲ್ಲ. ಇಲ್ಲಿ ಫಾಯಿಲಿಗೆ ದುಡ್ಡು ಸುರಿಯುವುದು ದಂಡ.

ಹಾಗಂತ ಫಾಯಿಲಿಗೆ ದೋಷವೇ ಇಲ್ಲವೆಂದಲ್ಲ. ತೆಳು ಫಾಯಿಲಿನಲ್ಲಿ ಸೂಜಿಮೊನೆಯಂಥ ತೂತುಗಳಿರುತ್ತವೆ. ಗಟ್ಟಿಯಾಗಿ ಮಡಚಿದ ಕಡೆ ಅದು ಬಿರಿಯುತ್ತದೆ. ಉಪ್ಪು, ಹುಳಿ ಅಲ್ಯೂಮಿನಿಯಮ್ಮನ್ನು ತಿನ್ನುತ್ತವೆ. ಅದಕ್ಕೇ ಒಳಗೆ ಪಾಲಿಥೀನ್ ಪದರ ಬೇಕು. ಇನ್ನು ಅಂಚಿನ ಸೀಲ್ ಸರಿಯಾಗಿ ಕೂರದಿದ್ದರೆ ಎಂಥ ಹಾಳೆ ತಂದರೂ ವ್ಯರ್ಥ.

ಮಾರುವವರು ಎರಡಕ್ಕೂ 'ಸಿಲ್ವರ್ ಪೌಚ್' ಎಂದೇ ಹೇಳುವುದುಂಟು. ಹೆಸರು ನೋಡಿ ಮೋಸ ಹೋಗಬಾರದು. ಅಚ್ಚು ಹಾಕದ ಪೊಟ್ಟಣವನ್ನು ಕತ್ತಲೆ ಕೋಣೆಗೆ ಒಯ್ದು, ಒಳಗೆ ಟಾರ್ಚ್ ಬಿಡಿ. ಮೆಟಲೈಸ್ಡ್ ಆದರೆ ಬೆಳಕು ಮಂಕಾಗಿ ಕಾಣುತ್ತದೆ. ಫಾಯಿಲ್ ಆದರೆ ಕತ್ತಲೆಯೇ. ತೂತಿದ್ದರೆ ಚುಕ್ಕಿ ಕಂಡೀತು. ಕೈಯಲ್ಲಿ ಮುದುರಿ ಬಿಟ್ಟರೆ ಫಾಯಿಲ್ ಹೆಚ್ಚಾಗಿ ಹಾಗೇ ಉಳಿಯುತ್ತದೆ, ಮೆಟಲೈಸ್ಡ್ ಬಿಚ್ಚಿಕೊಳ್ಳುತ್ತದೆ. ಕೊಟೇಶನ್ನಿನಲ್ಲಿ ಯಾವ ಪದರ ಎಷ್ಟು ಮೈಕ್ರಾನ್ ಎಂದು ಬರೆಸಿಕೊಳ್ಳಲೇಬೇಕು. ಸಂಶಯವಿದ್ದರೆ ಮೈಸೂರಿನಲ್ಲಿ 1950ರಿಂದ ಸಿ.ಎಫ್.ಟಿ.ಆರ್.ಐ. ಇದೆ; ಅಲ್ಲಿ ಪ್ಯಾಕಿಂಗಿಗೇ ಪ್ರತ್ಯೇಕ ವಿಭಾಗವಿದೆ, ಕೇಳಬಹುದು.

ತಾಯಂದಿರಲ್ಲಿ ಒಂದು ವಿನಂತಿ. ಪದರ ಪದರ ಅಂಟಿಸಿದ ಈ ಪೊಟ್ಟಣಗಳನ್ನು ಗುಜರಿಯವರು ಕೊಳ್ಳುವುದು ಕಷ್ಟ. ಒಲೆಗೆ ಹಾಕಬೇಡಿ, ಹೊಗೆ ಕೆಟ್ಟದ್ದು. ಒಣ ಕಸದ ಜೊತೆ ಪಂಚಾಯಿತಿ ಗಾಡಿಗೆ ಕೊಡಿ.

1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಬಂಡವಾಳಕ್ಕಿಂತ ದೊಡ್ಡದಾಗಿದ್ದದ್ದು ಜನರ ನಂಬಿಕೆ. ನಮ್ಮ ಪೊಟ್ಟಣದ ಮೇಲೆ ಅಚ್ಚಾಗುವುದೂ ಅದೇ ನಂಬಿಕೆ. ಆದ್ದರಿಂದ ಕಾಫಿ ಪುಡಿಗೆ ಫಾಯಿಲ್ ಇರಲಿ, ಚಿಪ್ಸಿಗೆ ಮೆಟಲೈಸ್ಡ್ ತರೋಣ, ಅಲ್ಲಿ ಉಳಿದದ್ದನ್ನು ಒಳ್ಳೆಯ ಸೀಲಿಂಗ್ ಮೆಷಿನ್ನಿಗೆ ಹಾಕೋಣ. ಇದು ನನ್ನ ಸಲಹೆ, ತೀರ್ಮಾನ ನಿಮ್ಮದು.

ಜೈ ಸಹಕಾರ.