ಕಡತ ಕೇಳುತ್ತಿರುವುದು ಯಾರ ಹೆಸರಿನಲ್ಲಿ?



ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನಿಂದ ನನಗೆ ಕರೆ ಬಂದಿತು. ವಿದ್ಯಾರ್ಥಿವೇತನದ ಅರ್ಜಿಗೆ ಮರುದಿನವೇ ಕೊನೆಯ ದಿನ. ಅರ್ಜಿಯ ಜೊತೆ ಅಂಕಪಟ್ಟಿ ಬೇಕು. ಅಂಕಪಟ್ಟಿಗಳೆಲ್ಲ ಕಚೇರಿಯ ಒಂದು ಸರ್ವರಿನಲ್ಲಿ, ಜಾಲದ ಮೂಲಕ ಹಂಚಿಕೊಂಡ ಫೋಲ್ಡರಿನಲ್ಲಿದ್ದವು. ಇನ್ನೊಂದು ಸರ್ವರಿನಲ್ಲಿದ್ದ ವೆಬ್ ತಂತ್ರಾಂಶ ಅವನ್ನು ತಂದು ವಿದ್ಯಾರ್ಥಿಗಳಿಗೆ ತೋರಿಸಬೇಕಿತ್ತು. ಆದರೆ ತೆರೆಯ ಮೇಲೆ ಬಂದದ್ದು ‘ಪ್ರವೇಶ ನಿರಾಕರಿಸಲಾಗಿದೆ’ ಎಂಬ ಒಂದೇ ಸಾಲು. ವಿಚಿತ್ರವೆಂದರೆ, ಕಚೇರಿಯ ಗುಮಾಸ್ತರು ತಮ್ಮ ಕಂಪ್ಯೂಟರಿನಲ್ಲಿ ಅದೇ ಕಡತವನ್ನು ಸಲೀಸಾಗಿ ತೆರೆಯುತ್ತಿದ್ದರು. “ನನಗೆ ಬರುತ್ತದೆ ಸಾರ್, ಅದಕ್ಕೇಕೆ ಬರುವುದಿಲ್ಲ?” ಎಂದು ಕೇಳಿದರು. ಇಂದಿನ ನಮ್ಮ ಮಾತೆಲ್ಲ ಈ ಪ್ರಶ್ನೆಯ ಸುತ್ತಲೇ.

ನಿಮ್ಮ ಗ್ರಂಥಾಲಯವನ್ನು ನೆನೆಸಿಕೊಳ್ಳಿ. ನಿಮ್ಮ ಬಳಿ ಕಾರ್ಡು ಇದೆ, ಪುಸ್ತಕ ಸಿಗುತ್ತದೆ. ನೀವು ಹೋಗದೆ ಬೇರೊಬ್ಬರನ್ನು ಬರಿಗೈಯಲ್ಲಿ ಕಳುಹಿಸಿದರೆ? ಗ್ರಂಥಪಾಲಕರು ನೋಡುವುದು ಎದುರಿಗೆ ನಿಂತವರ ಕಾರ್ಡನ್ನು. ವೆಬ್ ತಂತ್ರಾಂಶವೂ ಹಾಗೆ ಹೋದ ಬೇರೊಬ್ಬ. ಯಾರೂ ಲಾಗಿನ್ ಆಗದಿದ್ದಾಗಲೂ ಅದು ತನ್ನದೇ ಒಂದು ಹೆಸರಿನಲ್ಲಿ ನಡೆಯುತ್ತಿರುತ್ತದೆ. ಮೈಕ್ರೋಸಾಫ್ಟಿನ ಐಐಎಸ್ ಎಂಬ ವೆಬ್ ಸರ್ವರಿನಲ್ಲಿ ಇದನ್ನು ಅಪ್ಲಿಕೇಶನ್ ಪೂಲ್‌ನ ಗುರುತು ಎನ್ನುತ್ತಾರೆ. ಇದನ್ನು ಬದಲಿಸದೆ ಬಿಟ್ಟರೆ, ಸಂಸ್ಥೆಯ ಡೊಮೇನಿಗೆ ಸೇರಿದ ಸರ್ವರ್ ಹೊರಗೆ ಕಡತ ಕೇಳುವಾಗ ಯಂತ್ರದ ಹೆಸರಿನಲ್ಲಿ ಕೇಳುತ್ತದೆ. ಆ ಹೆಸರಿನ ಕೊನೆಗೆ ಡಾಲರ್ ಚಿಹ್ನೆ ಇರುತ್ತದೆ. ಗುಮಾಸ್ತರಿಗೆ ಕೊಟ್ಟ ಅನುಮತಿ ಅದಕ್ಕೆ ಸಲ್ಲುವುದಿಲ್ಲ.

ಇಂಥ ತೊಂದರೆಯನ್ನು ಕ್ರಮವಾಗಿ ಹುಡುಕಬೇಕು. ಮೊದಲನೆಯದಾಗಿ, ದೋಷದ ಸಾಲನ್ನು ಸರಿಯಾಗಿ ಓದಿ. ‘ಜಾಲದ ದಾರಿ ಸಿಗಲಿಲ್ಲ’ ಎಂದಿದ್ದರೆ ಸರ್ವರಿನ ಹೆಸರು ತಪ್ಪಿರಬಹುದು, ಅಥವಾ ವಿಂಡೋಸ್ ಕಡತ ಹಂಚಿಕೆ ಬಳಸುವ 445ನೆಯ ಪೋರ್ಟನ್ನು ಫೈರ್‌ವಾಲ್ ತಡೆದಿರಬಹುದು. ‘ಪ್ರವೇಶ ನಿರಾಕರಿಸಲಾಗಿದೆ’ ಎಂದಿದ್ದರೆ ಬಾಗಿಲವರೆಗೆ ಹೋಗಿದ್ದೇವೆ, ಒಳಗೆ ಬಿಡಲಿಲ್ಲ ಎಂದರ್ಥ.

ಎರಡನೆಯದಾಗಿ, ವಿಳಾಸವನ್ನು ನೋಡಿ. ಝಡ್ ಡ್ರೈವ್ ಎಂದು ನಾವು ಇಟ್ಟುಕೊಳ್ಳುವ ಅಡ್ಡಹೆಸರು ನಮ್ಮ ಲಾಗಿನ್‌ಗೆ ಮಾತ್ರ ಸೇರಿದ್ದು. ವೆಬ್ ತಂತ್ರಾಂಶಕ್ಕೆ ಅದು ಕಾಣುವುದಿಲ್ಲ. ಸರ್ವರಿನ ಹೆಸರು, ಫೋಲ್ಡರಿನ ಹೆಸರು ಸೇರಿದ ಪೂರ್ಣ ವಿಳಾಸವನ್ನೇ ಕೊಡಬೇಕು.

ಮೂರನೆಯದಾಗಿ, ಅನುಮತಿ ಎರಡು ಕಡೆ ಇರುತ್ತದೆ: ಹಂಚಿಕೆಯ ಮೇಲೊಂದು, ಡಿಸ್ಕಿನಲ್ಲಿರುವ ಫೋಲ್ಡರಿನ ಮೇಲೊಂದು. ಎರಡರಲ್ಲಿ ಯಾವುದು ಹೆಚ್ಚು ಬಿಗಿಯೋ ಅದೇ ನಡೆಯುತ್ತದೆ. ಮನೆಯ ಬಾಗಿಲು ತೆರೆದಿದ್ದರೂ ಗೇಟಿಗೆ ಬೀಗವಿದ್ದರೆ ಒಳಗೆ ಹೋಗಲಾಗದು, ಅಲ್ಲವೇ?

ನಾಲ್ಕನೆಯದು ಸ್ವಲ್ಪ ಸೂಕ್ಷ್ಮ. ಕೆಲವು ತಂತ್ರಾಂಶಗಳು ತಮ್ಮ ಹೆಸರಿನ ಬದಲು ನೋಡುಗರ ಹೆಸರಿನಲ್ಲೇ ಕಡತ ಕೇಳುತ್ತವೆ. ಆದರೆ ನೀವು ಮೊದಲ ಸರ್ವರಿಗೆ ತೋರಿಸಿದ ಗುರುತನ್ನು ಅದು ಎರಡನೆಯ ಸರ್ವರಿಗೆ ತಾನಾಗಿ ದಾಟಿಸುವಂತಿಲ್ಲ. ಅದಕ್ಕೆ ಕೆರ್ಬೆರೋಸ್ ಎಂಬ ಗುರುತು ಪರೀಕ್ಷೆಯ ವ್ಯವಸ್ಥೆಯಲ್ಲಿ ವಿಶೇಷ ಒಪ್ಪಿಗೆ ಬೇಕು. 1980ರ ದಶಕದಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ರೂಪುಗೊಂಡ ಇದಕ್ಕೆ, ಗ್ರೀಕ್ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರಿಟ್ಟಿದ್ದಾರೆ.

ಆ ಸಂಜೆ ಕಾಲೇಜಿನಲ್ಲಿ ಒಬ್ಬರು, “ಎಲ್ಲರಿಗೂ ಪೂರ್ಣ ಅನುಮತಿ ಕೊಟ್ಟುಬಿಡೋಣ, ಕೆಲಸ ಆಗುತ್ತದೆ” ಎಂದರು. ಆಗುತ್ತಿತ್ತು, ನಿಜ. ಆದರೆ ಜಾಲದಲ್ಲಿರುವ ಯಾರು ಬೇಕಾದರೂ ಅಂಕಪಟ್ಟಿಯನ್ನು ತಿದ್ದಬಹುದಿತ್ತು, ಅಳಿಸಬಹುದಿತ್ತು. ಇನ್ನು ಕೆಲವರು ಕಡತ ಹಂಚಿಕೆಯ ಹಳೆಯ ಆವೃತ್ತಿಯಾದ ಎಸ್‌ಎಂಬಿ ಒಂದನ್ನು ಮತ್ತೆ ಚಾಲೂ ಮಾಡಿ ನೋಡುತ್ತಾರೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ದುಷ್ಟ ತಂತ್ರಾಂಶ ಹರಡಿದ್ದು ಆ ಆವೃತ್ತಿಯ ದೋಷದಿಂದಲೇ. ಬ್ರಿಟನ್ನಿನ ಅನೇಕ ಆಸ್ಪತ್ರೆಗಳ ಕೆಲಸ ಅದರಿಂದ ಅಸ್ತವ್ಯಸ್ತವಾಯಿತು.

ನಾವು ಮಾಡಿದ್ದು ಇಷ್ಟೇ. ವೆಬ್ ತಂತ್ರಾಂಶಕ್ಕೆಂದೇ ಒಂದು ಪ್ರತ್ಯೇಕ ಖಾತೆ ತೆರೆದೆವು. ಅಪ್ಲಿಕೇಶನ್ ಪೂಲಿಗೆ ಅದನ್ನೇ ಗುರುತಾಗಿ ಕೊಟ್ಟೆವು. ಆ ಖಾತೆಗೆ ಅಂಕಪಟ್ಟಿಯ ಫೋಲ್ಡರನ್ನು ಓದುವ ಅನುಮತಿ ಮಾತ್ರ ನೀಡಿದೆವು, ಬರೆಯುವ ಅನುಮತಿ ಇಲ್ಲ. ಆದರೂ ನಿರಾಕರಣೆ! ಹಂಚಿಕೆಯ ಅನುಮತಿಯನ್ನು ಮರೆತಿದ್ದೆವು. ಅದನ್ನೂ ಸೇರಿಸಿದ ಮೇಲೆ ಮೊದಲ ಅಂಕಪಟ್ಟಿ ತೆರೆಯ ಮೇಲೆ ಮೂಡಿತು. ಮಾರನೆಯ ದಿನ ಮಕ್ಕಳ ಅರ್ಜಿಗಳು ಹೋದವು.

ಮಿತ್ರರೇ, ಮುಂದೆ ನೀವೂ ಇಂಥ ತೊಂದರೆ ಎದುರಿಸಬಹುದು. ಆಗ ‘ನನಗೆ ತೆರೆಯುತ್ತದೆಯೇ?’ ಎಂದು ಪರೀಕ್ಷಿಸಿ ಸುಮ್ಮನಾಗಬೇಡಿ. ಕೇಳುತ್ತಿರುವುದು ಯಾರ ಹೆಸರಿನಲ್ಲಿ, ಆ ಹೆಸರಿಗೆ ಎಷ್ಟು ಬೇಕು ಎಂದು ಕೇಳಿಕೊಳ್ಳಿ. ಬೇಕಾದಷ್ಟನ್ನೇ ಕೊಡಿ, ಅದಕ್ಕಿಂತ ಹೆಚ್ಚು ಬೇಡ.