ಕೃತಕ ಸೂರ್ಯನ ಅಂಚಿನಲ್ಲಿ

ಸೂರ್ಯನ ಒಡಲಿನಲ್ಲಿ ಜಲಜನಕದ ಪರಮಾಣು ಬೀಜಗಳು ಕೂಡಿ ಹೀಲಿಯಂ ಆಗುವಾಗ ಹೊರಬೀಳುವ ಶಕ್ತಿಯೇ ನಮಗೆ ಬಿಸಿಲಾಗಿ ಬರುತ್ತಿದೆಯೆಂಬುದನ್ನು ನೀವು ಕೇಳಿರಬಹುದು. ಈ ಸಮ್ಮಿಲನವನ್ನು ಭೂಮಿಯ ಮೇಲೆ ನಡೆಸಿ ವಿದ್ಯುತ್ತು ಪಡೆಯಬೇಕಾದರೆ ಹತ್ತು ಕೋಟಿ ಡಿಗ್ರಿಗೂ ಮಿಕ್ಕ ಉಷ್ಣತೆ ಬೇಕು. ಅಂಥ ಕಾವಿನಲ್ಲಿ ಅನಿಲದ ಪರಮಾಣುಗಳು ಒಡೆದು ಎಲೆಕ್ಟ್ರಾನುಗಳೂ ಅಯಾನುಗಳೂ ಬೇರೆಬೇರೆಯಾಗುತ್ತವೆ. ಈ ಸ್ಥಿತಿಗೆ ‘ಪ್ಲಾಸ್ಮಾ’ ಎಂದು 1928ರಲ್ಲಿ ಹೆಸರಿಟ್ಟವರು ಅಮೆರಿಕದ ವಿಜ್ಞಾನಿ ಅರ್ವಿಂಗ್ ಲ್ಯಾಂಗ್ಮ್ಯೂರ್.

ಇಂಥ ಬೆಂಕಿಯನ್ನು ಯಾವ ಪಾತ್ರೆಯಲ್ಲಿಡುವುದು? ಯಾವ ಲೋಹವೂ ತಾಳದು. ಆದರೆ ವಿದ್ಯುತ್ಕಣಗಳು ಕಾಂತಬಲಕ್ಕೆ ಮಣಿಯುತ್ತವಷ್ಟೆ. ಆದುದರಿಂದ ಕೋಡುಬಳೆಯ ಆಕಾರದ ನಿರ್ವಾತ ಕೊಳವೆಗೆ ತಂತಿಯ ಸುರುಳಿಗಳನ್ನು ಸುತ್ತಿ, ಪ್ಲಾಸ್ಮಾ ಗೋಡೆಗೆ ತಗುಲದಂತೆ ಹಿಡಿದಿಡುತ್ತಾರೆ. ರಷ್ಯನ್ನರು ರೂಪಿಸಿದ ಈ ಯಂತ್ರದ ಹೆಸರು ಟೋಕಮಾಕ್. ನಮ್ಮ ದೇಶದ ‘ಆದಿತ್ಯ’ ಟೋಕಮಾಕ್ ಗಾಂಧಿನಗರದ ಬಳಿಯ ಪ್ಲಾಸ್ಮಾ ಸಂಶೋಧನ ಸಂಸ್ಥೆಯಲ್ಲಿ 1989ರಲ್ಲಿ ಕೆಲಸಕ್ಕೆ ತೊಡಗಿತು.

ಹಿಡಿದಿಟ್ಟರೂ ಶಾಖ ಸೋರುತ್ತದೆ. ಲೆಕ್ಕಕ್ಕಿಂತ ಬಹಳ ಹೆಚ್ಚಾಗಿಯೇ ಸೋರುತ್ತದೆ. ನಡುವೆ ಬಿಸಿ, ಅಂಚಿನಲ್ಲಿ ತಂಪು. ಈ ವ್ಯತ್ಯಾಸವೇ ಪ್ಲಾಸ್ಮಾವನ್ನು ಕದಡಿ ಸುಳಿಗಳನ್ನೆಬ್ಬಿಸುತ್ತದೆ. ಈ ಕ್ಷೋಭೆಯನ್ನು ಅಳೆಯದೆ ಸೋರಿಕೆಯ ಗುಟ್ಟು ತಿಳಿಯದು.

ಅಳೆಯುವ ಸಾಧನ ಬಲು ಸರಳ. ಕೆಲವು ಮಿಲಿಮೀಟರ್ ಉದ್ದದ ಲೋಹದ ಮೊನೆಯೊಂದನ್ನು ಅಂಚಿನೊಳಕ್ಕೆ ಚಾಚುತ್ತಾರೆ. ಇದಕ್ಕೂ ಲ್ಯಾಂಗ್ಮ್ಯೂರರ ಹೆಸರೇ ಇದೆ. ಅಲ್ಲಿನ ಉಷ್ಣತೆ ಲಕ್ಷ ಡಿಗ್ರಿಯ ಆಸುಪಾಸಿನದು. ಮೊನೆ ಕರಗದೆ? ಎಂದು ನೀವು ಕೇಳಬಹುದು. ಪ್ಲಾಸ್ಮಾ ಗಾಳಿಗಿಂತ ಎಷ್ಟೋ ಪಾಲು ತೆಳುವು. ಆದಿತ್ಯದಲ್ಲಿ ಅದು ಉರಿಯುತ್ತಿದ್ದುದೂ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಹೊತ್ತು. ಆದರೆ ಮೊನೆ ಇನ್ನೂ ಆಳಕ್ಕೆ ಹೋದರೆ ತಾನೂ ಕೆಟ್ಟು, ಪ್ಲಾಸ್ಮಾವನ್ನೂ ಕೆಡಿಸುತ್ತದೆ.

ಮೊನೆಗೆ ಋಣ ವಿದ್ಯುತ್ತು ಕೊಟ್ಟರೆ ಎಲೆಕ್ಟ್ರಾನುಗಳು ದೂರ ಸರಿದು ಅಯಾನುಗಳು ಮಾತ್ರ ಬಂದು ಬೀಳುತ್ತವೆ; ಆ ಪ್ರವಾಹದಿಂದ ಅಲ್ಲಿನ ಕಣಸಾಂದ್ರತೆ ತಿಳಿಯುತ್ತದೆ. ಪಕ್ಕದ ಎರಡು ಮೊನೆಗಳ ವೋಲ್ಟೇಜಿನ ವ್ಯತ್ಯಾಸದಿಂದ ಕಣಗಳು ಒಳಕ್ಕೆ ಸಾಗುತ್ತಿವೆಯೋ ಹೊರಕ್ಕೋ ಗೊತ್ತಾಗುತ್ತದೆ. ಸುಳಿಗಳ ಆಯುಸ್ಸು ಮೈಕ್ರೋಸೆಕೆಂಡುಗಳ ಲೆಕ್ಕದ್ದು. ಆದುದರಿಂದ ಸೆಕೆಂಡಿಗೆ ಹತ್ತು ಲಕ್ಷದಂತೆ ಅಳತೆಗಳನ್ನು ದಾಖಲಿಸಬೇಕಾಗುತ್ತದೆ.

ಎರಡು ದಾಖಲೆಗಳನ್ನೂ ಕೂಡಿಸಿಯೇ ನೋಡಬೇಕು. ಜಾತ್ರೆಯ ದಿನ ದೇವಸ್ಥಾನದ ಬಾಗಿಲನ್ನು ನೆನೆಯಿರಿ. ಹೋಗುವವರೂ ಬರುವವರೂ ಸಮವಾಗಿದ್ದರೆ ಒಳಗಿನ ಜನ ಕಡಿಮೆಯಾಗರು. ಹೊರಡುವಾಗ ಗುಂಪು, ಬರುವಾಗ ಒಬ್ಬಿಬ್ಬರು ಎಂದಾದರೆ ಪ್ರಾಂಗಣ ಬೇಗ ಬರಿದಾಗುತ್ತದೆ. ಹಾಗೆಯೇ ಸಾಂದ್ರತೆ ಏರಿದ ಗಳಿಗೆಯಲ್ಲೇ ಹೊರಮುಖದ ಚಲನೆಯೂ ಇದ್ದರೆ ಅದೇ ನಷ್ಟ.

ಆದಿತ್ಯದ ವಿಜ್ಞಾನಿಗಳು 1992ರಲ್ಲಿ ಪ್ರಕಟಿಸಿದ ಅಳತೆಗಳು ಮಹತ್ತ್ವದ ಸಂಗತಿಯೊಂದನ್ನು ತೋರಿಸಿದವು. ಅಂಚಿನ ಕ್ಷೋಭೆ ಜಿಟಿಜಿಟಿ ಮಳೆಯಂತೆ ಒಂದೇ ಸಮನಾದುದಲ್ಲ. ಬಿಟ್ಟು ಬಿಟ್ಟು ರಭಸದಿಂದ ಸುರಿಯುವ ಮಳೆಯಂಥದು. ಗೋಡೆ ತಾಳಬೇಕಾದುದು ಸರಾಸರಿ ಪೆಟ್ಟನ್ನಷ್ಟೇ ಅಲ್ಲ, ಈ ರಭಸವನ್ನು ಕೂಡ.

ಕ್ಷೋಭೆಯನ್ನು ಅಡಗಿಸಲು ಸಾಧ್ಯವೆ? ಸಾಧ್ಯವೆಂಬ ಸೂಚನೆ 1982ರಲ್ಲೇ ದೊರೆಯಿತು. ಜರ್ಮನಿಯ ಗಾರ್ಕಿಂಗ್‌ನಲ್ಲಿ ಫ್ರಿಟ್ಸ್ ವಾಗ್ನರರು ಪ್ಲಾಸ್ಮಾವನ್ನು ಹೆಚ್ಚು ಕಾಯಿಸಿದಾಗ, ಶಾಖ ಹಠಾತ್ತನೆ ಸುಮಾರು ಇಮ್ಮಡಿ ಹೊತ್ತು ನಿಲ್ಲತೊಡಗಿತು. ಅಂಚಿನ ಕ್ಷೋಭೆ ತಗ್ಗಿದ್ದೇ ಇದಕ್ಕೆ ಕಾರಣವೆಂದು ಮುಂದಿನ ಅಳತೆಗಳು ತಿಳಿಸಿದವು.

ಫ್ರಾನ್ಸಿನಲ್ಲಿ ಭಾರತವೂ ಪಾಲುಗೊಂಡು ಕಟ್ಟುತ್ತಿರುವ ‘ಈಟರ್’ ಎಂಬ ಭಾರಿ ಟೋಕಮಾಕ್ ಈ ಅರಿವನ್ನೇ ನೆಚ್ಚಿದೆ. ಸೂರ್ಯನ ಶಕ್ತಿ ಮುಂದೊಂದು ದಿನ ನಿಮ್ಮ ಮನೆಯ ದೀಪವನ್ನು ಬೆಳಗಬೇಕಾದರೆ, ನಡುವಿನ ಕಾವಿನಷ್ಟೇ ಅಂಚಿನ ಶಾಂತಿಯೂ ಬೇಕು.